ಎಡಗಡೆಯ ಕೆಂಪು ಅಂಕಿಗಳು

ಆಗಸ್ಟ್ ೧೧

ರೇಡಿಯೋ ಸೆಟ್ ತಯಾರಿಸುವವರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ, ಅವರೇ ಮಾಡಿದ ಸೆಟ್ಟನ್ನು ಅವರ ಮುಂದಿಟ್ಟು, “ಈಗ ಯಾವ ಫ್ರೀಕ್ವೆನ್ಸಿಯಲ್ಲಿ ಮಾತಾಡ್ತಿದ್ದೀರಿ, ಹೇಳಿ ನೋಡೋಣ” ಎಂದು ಕೇಳಬೇಕು. ಸರಿಯಾಗಿ ಹೇಳುವ ತನಕ ಊಟ ಕೊಡಬಾರದು. ಇವತ್ತು ನನಗಾದ ಅವಮಾನಕ್ಕೆ ಈ ಶಿಕ್ಷೆ ಕಡಿಮೆಯೇ.

ನಮ್ಮ ಕ್ಲಬ್ಬಿನ ಹ್ಯಾಮ್‌ಗಳೆಲ್ಲ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರೆಲ್ಲ, ದಿನಾ ಸಂಜೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುತ್ತೇವೆ. ಅದಕ್ಕೆ ನೆಟ್ ಎಂದು ಹೆಸರು. ಯಾರು ಯಾವಾಗ ಮಾತಾಡಬೇಕೆಂದು ಹೇಳುವ ಯಜಮಾನಿಕೆ ನನ್ನದು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತನಾದ ಮೇಲೆ ನನಗೆ ಉಳಿದಿರುವ ಕುರ್ಚಿ ಇದೊಂದೇ. ಬಂದರಿನ ಕಚೇರಿಗೆ ಫೋನ್ ಮಾಡಿ ಬರೆದುಕೊಂಡ ಹವಾಮಾನ ವರದಿಯನ್ನು ಕೊನೆಯಲ್ಲಿ ಓದುತ್ತೇನೆ. ಅದಕ್ಕಾಗಿ ಕಾದು ಕೂರುವವರು ದೋಣಿಯ ಗಂಡಹೆಂಡತಿ. ಆತ ಹಲ್ಲಿನ ಡಾಕ್ಟರಾಗಿದ್ದವನು. ಜನರ ಹಲ್ಲು ಕಿತ್ತ ದುಡ್ಡಿನಲ್ಲಿ ಹಾಯಿದೋಣಿ ಕೊಂಡು ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಿದ್ದಾನೆ. ನಾವೆಲ್ಲ ಕ್ಯಾಪ್ಟನ್ ಎನ್ನುತ್ತೇವೆ. ರೇಡಿಯೋ ನೋಡಿಕೊಳ್ಳುವುದು ಹೆಂಡತಿ. ಅವಳು ನನ್ನನ್ನು ಅಣ್ಣ ಎನ್ನುತ್ತಾಳೆ, ನಾನು ಅವಳನ್ನು ತಂಗಿ ಎನ್ನುತ್ತೇನೆ. ಇಷ್ಟು ವರ್ಷಗಳಲ್ಲಿ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಇವತ್ತು ನೆಟ್ ಶುರು ಮಾಡಿದೆ. ಯಾರೂ ಉತ್ತರ ಕೊಡಲಿಲ್ಲ.

“ಅಣ್ಣ ಇನ್ನೂ ಬಂದಿಲ್ವಾ?” ಎಂದಳು ತಂಗಿ.

“ಬಂದಿದ್ದೀನಮ್ಮ, ಇಲ್ಲೇ ಇದ್ದೀನಿ” ಎಂದೆ.

“ಬಂದಿಲ್ಲ ಅನ್ಸುತ್ತೆ” ಎಂದಳು ಗಂಡನಿಗೆ. ನನ್ನ ಹೆಣದ ಪಕ್ಕ ನಾನೇ ನಿಂತು ಜನರ ಮಾತು ಕೇಳಿಸಿಕೊಂಡ ಹಾಗಾಯಿತು. ಗಂಟಲು ಹರಿದುಕೊಂಡೆ. ಕೊನೆಗೆ ನಾವು ಬೆಸುಗೆ ಎಂದು ಕರೆಯುವ ಹುಡುಗ ತಿರುಗಣೆಯನ್ನು ಅತ್ತ ಇತ್ತ ತಿರುಗಿಸಿ ಹುಡುಕಿ ನನ್ನನ್ನು ಪತ್ತೆ ಮಾಡಿದ. ಟಿವಿ ರಿಪೇರಿ ಅಂಗಡಿಯವನು, ಕೈಯಲ್ಲಿ ಯಾವಾಗಲೂ ಬಿಸಿ ಕಡ್ಡಿ ಹಿಡಿದಿರುತ್ತಾನೆ, ಹಾಗಾಗಿ ಬೆಸುಗೆ. “ಯಜಮಾನ್ರೇ, ಸ್ಪ್ಲಿಟ್ ಬಿಡಿಸಿ! ನೀವು ಮೇಲೆಲ್ಲೋ ಒಬ್ರೇ ಮಾತಾಡ್ಕೊಂಡು ಕೂತಿದ್ದೀರಿ” ಎಂದ. ಎಲ್ಲರೂ ನಕ್ಕರು. ಕ್ಯಾಪ್ಟನ್ ನಕ್ಕಿದ್ದು ಎಲ್ಲರಿಗಿಂತ ಜೋರಾಗಿತ್ತು.

ತಪ್ಪು ನನ್ನದೋ ಸೆಟ್ಟಿನದೋ? ಇದಕ್ಕೆ ಎರಡು ಕಿಟಕಿ. ಬಲಗಡೆ ಹೆಬ್ಬೆರಳಿನಷ್ಟು ದೊಡ್ಡ ಅಂಕಿಗಳು. ಅದು ಕೇಳುವ ಫ್ರೀಕ್ವೆನ್ಸಿ. ಎಡಗಡೆ ಮೂಲೆಯಲ್ಲಿ ಇರುವೆಯಂಥ ಅಂಕಿಗಳು. ಅದು ಕಳುಹಿಸುವ ಫ್ರೀಕ್ವೆನ್ಸಿ. ಸಾಮಾನ್ಯವಾಗಿ ಎರಡೂ ಒಂದೇ. ಬೆಳಗ್ಗೆ ದೂರದ ದೇಶದವನು ಯಾರಾದರೂ ಸಿಕ್ಕರೆ ಮಾತ್ರ ಸ್ಪ್ಲಿಟ್ ಗುಂಡಿ ಒತ್ತಿ ಬೇರೆ ಮಾಡಿಕೊಳ್ಳಬೇಕು. ನೂರು ಜನ ಅವನ ದನಿಯ ಮೇಲೆಯೇ ಕೂಗಿದರೆ ಅವನು ಯಾರಿಗೂ ಕೇಳುವುದಿಲ್ಲ. ಆಮೇಲೆ ಗುಂಡಿ ಬಿಡಿಸಲು ಮರೆತರೆ ಮುಗಿಯಿತು. ಊರಿನವರ ಮಾತೆಲ್ಲ ನಮಗೆ ಕೇಳುತ್ತದೆ, ನಮ್ಮದು ಒಬ್ಬನಿಗೂ ಕೇಳುವುದಿಲ್ಲ. ಇಂಥ ಮುಖ್ಯವಾದ ವಿಷಯವನ್ನು ಇರುವೆ ಅಕ್ಷರದಲ್ಲಿ ಬರೆದವನ ಕಣ್ಣಿಗೆ ಸುಣ್ಣ ಹಾಕಬೇಕು.


ಆಗಸ್ಟ್ ೧೪

ಬಾಗಿಲಿನ ಚೌಕಟ್ಟು ಎಡಭುಜಕ್ಕೆ ಬಡಿದು ನೀಲಿಗಟ್ಟಿದೆ. ನನ್ನ ಹೆಂಡತಿ, ಇವಳು, ಹೊಲಿಗೆ ಯಂತ್ರವನ್ನು ಎರಡು ಇಂಚು ಸರಿಸಿದ್ದಾಳೆ, ಅದರಿಂದಲೇ ನಡೆಯುವ ದಾರಿ ಇಕ್ಕಟ್ಟಾಗಿದೆ. ಸರಿಸಿಲ್ಲವಂತೆ. ಮುಂದಿನ ಕೋಣೆಯಲ್ಲಿ ಊರವರ ಬಟ್ಟೆ ಚಿಕ್ಕದು ದೊಡ್ಡದು ಮಾಡಿಕೊಂಡು ಕೂತವಳಿಗೆ ನನ್ನ ಭುಜದ ಅಳತೆ ಮರೆತುಹೋಗಿರಬೇಕು ಎಂದೆ. ನಗಲಿಲ್ಲ.


ಆಗಸ್ಟ್ ೨೦

ಮತ್ತೆ ಅದೇ ಆಯಿತು. ಈ ಸಲ ಎರಡು ಕಿಟಕಿಯನ್ನೂ ಕಣ್ಣಾರೆ ನೋಡಿ, ಸರಿಯಿದೆ ಎಂದು ಖಾತ್ರಿ ಮಾಡಿಕೊಂಡೇ ಮೈಕು ಹಿಡಿದಿದ್ದೆ. ಆದರೂ ಯಾರಿಗೂ ಕೇಳಲಿಲ್ಲ. ಬೆಸುಗೆ ಹುಡುಕಿ ಹೇಳಿದ ಮೇಲೆ ನೋಡಿದರೆ ಸ್ಪ್ಲಿಟ್ ಹಾಗೇ ಇದೆ. ಅಂದರೆ ಎಡ ಕಿಟಕಿಯ ದೀಪ ಬಂದು ಹೋಗಿ ಮಾಡುತ್ತಿದೆ. ಬೇರೆ ಏನು ಹೇಳಲಿ?

ನೆಟ್ ಮುಗಿದ ಮೇಲೆ ಕ್ಲಬ್ಬಿನವರಿಗೆ ಒಂದು ಸಣ್ಣ ಭಾಷಣ ಬಿಗಿದೆ. ಕಳುಹಿಸುವ ಫ್ರೀಕ್ವೆನ್ಸಿ ಮುಖ್ಯ, ಅದು ದೊಡ್ಡದಾಗಿ, ಕೆಂಪಾಗಿ, ಕುರುಡನಿಗೂ ಕಾಣುವ ಹಾಗಿರಬೇಕು. ಕೇಳುವುದು ತಪ್ಪಿದರೆ ನಮಗೊಬ್ಬರಿಗೆ ನಷ್ಟ, ಹೇಳುವುದು ತಪ್ಪಿದರೆ ಇನ್ನೊಬ್ಬರ ಪ್ರಾಣಕ್ಕೆ ಸಂಚಕಾರ ಎಂದೆ. ತಂಗಿ ದೋಣಿಯಿಂದಲೇ ಚಪ್ಪಾಳೆ ತಟ್ಟಿದಳು. “ಅಣ್ಣ ಹೇಳೋದು ನಿಜ. ನಮಗೆ ನಿಮ್ಮ ದನಿ ಬಿಟ್ರೆ ಇಲ್ಲಿ ಬೇರೆ ಯಾವ ಸುದ್ದಿಯೂ ಇಲ್ಲ” ಎಂದಳು. ಮನಸ್ಸು ತುಂಬಿ ಬಂತು. ಬೆಸುಗೆ ಒಂದು ದೊಡ್ಡ ಅಂಕಿಯ ಪೆಟ್ಟಿಗೆ ಮಾಡಿಕೊಡುತ್ತೇನೆಂದು ಒಪ್ಪಿದ.

ತಲೆನೋವು.


ಆಗಸ್ಟ್ ೨೯

ಬೆಸುಗೆ ಬಂದು ಪೆಟ್ಟಿಗೆ ಜೋಡಿಸಿದ. ಇಟ್ಟಿಗೆಯಷ್ಟು ದೊಡ್ಡದು, ಒಳಗೆ ಕೆಂಪು ಅಂಕಿಗಳು. ಸೆಟ್ಟಿನ ಹಿಂದಿನ ತೂತಿನಿಂದ ವೈರ್ ಎಳೆದು ಎಡಗಡೆ ಇಟ್ಟಿದ್ದಾನೆ. ಬಲಗಡೆ ಮೈಕು, ಕಾಗದ, ಟೀ ಲೋಟ ಇರುತ್ತವಲ್ಲ, ಅಲ್ಲಿ ಜಾಗವಿಲ್ಲ. ಎರಡು ಫ್ರೀಕ್ವೆನ್ಸಿ ಬೇರೆಯಾದ ತಕ್ಷಣ ಕೆಂಪು ಅಂಕಿಗಳು ಮಿಟುಕತೊಡಗುತ್ತವೆ. ಅವನು ಕೈಯಲ್ಲಿ ಹಿಡಿದು ತೋರಿಸಿದಾಗ ಪೊಲೀಸ್ ಜೀಪಿನ ದೀಪದಂತೆ ಮಿಟುಕಿತು.

“ಇನ್ನು ತಪ್ಪಿಸ್ಕೊಳ್ಳೋಕೆ ಆಗಲ್ಲ ಯಜಮಾನ್ರೇ” ಎಂದ.

“ತಪ್ಪಿಸ್ಕೊಳ್ತಿದ್ದಿದ್ದು ನಾನಲ್ಲಪ್ಪ, ಆ ಕಂಪನಿಯವರು” ಎಂದೆ.

ಇವಳು ಟೀ ತಂದು ಇಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಳು. “ಒಂದು ಕೆನ್ನೆ ಮಾತ್ರ ಶೇವ್ ಮಾಡ್ಕೊಂಡಿದ್ದೀರಲ್ಲ ರೀ” ಎಂದಳು. ಬೆಸುಗೆ ಕಿಸಕ್ಕನೆ ನಕ್ಕ. ಇವಳಿಗೆ ಜನರ ಮುಂದೆ ನನ್ನ ಮಾನ ಕಳೆಯುವ ಚಟ. ಕನ್ನಡಿಯಲ್ಲಿ ನೋಡಿದೆ, ನುಣ್ಣಗೆ ಹೊಳೆಯುತ್ತಿತ್ತು.


ಸೆಪ್ಟೆಂಬರ್ ೩

ನೆಟ್ ಚೆನ್ನಾಗಿ ನಡೆಯುತ್ತಿದೆ. ಕೆಂಪು ಒಮ್ಮೆಯೂ ಮಿಟುಕಿಲ್ಲ, ಅಂದರೆ ನಾನು ಒಮ್ಮೆಯೂ ತಪ್ಪಿಲ್ಲ.

ಊಟದ ವಿಷಯಕ್ಕೆ ಜಗಳ. ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದು, ಆಮೇಲೆ ಹೊಟ್ಟೆ ತುಂಬಲಿಲ್ಲ ಎಂದು ಗೊಣಗುತ್ತೇನಂತೆ. ಬಡಿಸಿದ್ದೇ ಅಷ್ಟು ಎಂದೆ. ಇವಳು ತಟ್ಟೆಯನ್ನು ಅರ್ಧಸುತ್ತು ತಿರುಗಿಸಿ ಇಟ್ಟಳು. ಅದರಲ್ಲಿ ಊಟವಿತ್ತು. ಯಾವಾಗ ಬಡಿಸಿದಳೋ ಗೊತ್ತಾಗಲಿಲ್ಲ, ಇವಳ ಕೈ ಅಷ್ಟು ಚುರುಕು. ತಿಂದೆ.

ಡಾಕ್ಟರ ಹತ್ತಿರ ಹೋಗೋಣ ಎನ್ನುತ್ತಾಳೆ. ಡಾಕ್ಟರಿಗೆ ತೋರಿಸುವಂಥದ್ದು ಏನಿದೆ? ತಲೆನೋವಿಗೆ ಮಾತ್ರೆ ಮನೆಯಲ್ಲೇ ಇದೆ. ಈ ವಯಸ್ಸಿನಲ್ಲಿ ಒಂದು ಸಲ ಅವರ ಕೈಗೆ ಸಿಕ್ಕಿದರೆ ಬಿಡುವುದಿಲ್ಲ.


ಸೆಪ್ಟೆಂಬರ್ ೯

ಬರೆದರೆ ಸ್ವಲ್ಪ ಸಮಾಧಾನವಾದೀತು.

ಮಧ್ಯಾಹ್ನ ಬಂದರಿನ ಕಚೇರಿಯವನು ಫೋನಿನಲ್ಲಿ ವರದಿ ಹೇಳುವಾಗಲೇ ದನಿ ಬೇರೆ ಇತ್ತು. ಬಿರುಗಾಳಿ ಅಂದಾಜಿಗಿಂತ ಮೊದಲೇ ದಿಕ್ಕು ತಿರುಗಿಸಿದೆ, ಕತ್ತಲಾಗುವ ಮುಂಚೆ ದ್ವೀಪಗಳ ನಡುವಿನ ಸಮುದ್ರಕ್ಕೆ ಬರುತ್ತದೆ, ಸಣ್ಣ ದೋಣಿಗಳು ಇದ್ದಲ್ಲೇ ಲಂಗರು ಹಾಕಿಕೊಂಡಿರಬೇಕು. ನಮ್ಮ ದೋಣಿ ನಿನ್ನೆಯಿಂದ ಒಂದು ದ್ವೀಪದ ಮರೆಯಲ್ಲಿತ್ತು. ಅಲ್ಲೇ ಇದ್ದರೆ ಏನೂ ಭಯವಿಲ್ಲ. ಇವತ್ತು ಸಂಜೆ ಹೊರಡುವ ಯೋಚನೆ ಎಂದು ಕ್ಯಾಪ್ಟನ್ ನಿನ್ನೆ ಹೇಳಿದ್ದ.

ನೆಟ್ಟಿನ ಹೊತ್ತಿಗೆ ಮುಂಚೆಯೇ ಕೂತೆ. ಯಾರೂ ನಡುವೆ ತೊಂದರೆ ಕೊಡಬಾರದೆಂದು ಎಂದಿನಂತೆ ಫೋನಿನ ರಿಸೀವರ್ ಎತ್ತಿ ಪಕ್ಕಕ್ಕಿಟ್ಟೆ. ಇವಳು ಬಟ್ಟೆ ಕೊಟ್ಟುಬರಲು ಹೊರಗೆ ಹೋಗಿದ್ದಳು. ಬಲಗಡೆಯ ದೊಡ್ಡ ಅಂಕಿ ನೋಡಿದೆ, ಸರಿಯಾಗಿತ್ತು. ಕೆಂಪು ಎಲ್ಲೂ ಮಿಟುಕುತ್ತಿರಲಿಲ್ಲ. ಎರಡೂ ಒಂದೇ ಎಂದಾಯಿತು. ಇದಕ್ಕಿಂತ ಹೆಚ್ಚು ಎಚ್ಚರಿಕೆ ಮನುಷ್ಯಮಾತ್ರರಿಂದ ಸಾಧ್ಯವಿಲ್ಲ.

“ಎಲ್ಲರೂ ಸುಮ್ನಿರಿ. ಮೊದಲು ಹವಾಮಾನ ವರದಿ. ತಂಗಿ, ಬರ್ಕೋ” ಎಂದು ಓದಿದೆ.

ಓದಿ ಮುಗಿಸಿ ಮೈಕಿನ ಗುಂಡಿ ಬಿಟ್ಟರೆ ಅವಳ ದನಿ: “ಅಣ್ಣ ಇವತ್ತು ಇಲ್ವಾ? ಯಾರಾದ್ರೂ ವರದಿ ಬರ್ಕೊಂಡಿದ್ದೀರಾ?”

ಯಾರೂ ಬರೆದುಕೊಂಡಿರಲಿಲ್ಲ. ಅದು ನನ್ನ ಕೆಲಸ, ಬೇರೆಯವರಿಗೆ ಬಿಟ್ಟುಕೊಟ್ಟವನೇ ಅಲ್ಲ. ಒಬ್ಬ ನನ್ನ ಮನೆಗೆ ಫೋನ್ ಮಾಡಿ ನೋಡುತ್ತೇನೆಂದ. ಎಂಗೇಜ್ ಬರುತ್ತಿದೆ ಎಂದ. ರಿಸೀವರಿಗಾಗಿ ಮೇಜೆಲ್ಲ ತಡಕಿದೆ, ಎಲ್ಲಿಟ್ಟಿದ್ದೆನೋ ಸಿಗಲಿಲ್ಲ. ಬೆಸುಗೆ ಇವತ್ತು ನೆಟ್ಟಿಗೇ ಬಂದಿರಲಿಲ್ಲ, ಯಾರದೋ ಮನೆಗೆ ಟಿವಿ ಜೋಡಿಸಲು ಹೋಗಿದ್ದನಂತೆ.

ಎರಡನೇ ಸಲ ಓದಿದೆ. ನಿಧಾನವಾಗಿ, ಬಿಡಿಸಿ ಬಿಡಿಸಿ. ಮೂರನೇ ಸಲ ಓದಲಿಲ್ಲ, ಕೂಗಿದೆ. “ಹೊರಡಬೇಡಿ! ಲಂಗರು ಎತ್ತಬೇಡಿ! ಕ್ಯಾಪ್ಟನ್, ನಿನ್ನ ಕಾಲಿಗೆ ಬೀಳ್ತೀನಿ, ಹೊರಡಬೇಡ!”

ಆಮೇಲೆ ಕ್ಯಾಪ್ಟನ್ನನ ದನಿ, ನಗುತ್ತಿದ್ದ. “ಯಜಮಾನರು ಮಲಗಿಬಿಟ್ಟಿರ್ಬೇಕು. ಏನಾದ್ರೂ ಇದ್ದಿದ್ರೆ ಆ ಮನುಷ್ಯ ಸುಮ್ನಿರ್ತಿದ್ರಾ? ಸಮುದ್ರ ಈಜ್ಕೊಂಡಾದ್ರೂ ಬಂದು ಹೇಳ್ತಿದ್ರು. ಹೊರಡೋಣ, ಆಕಾಶ ತಿಳಿಯಾಗಿದೆ.”

ನನ್ನ ಮೇಲಿನ ನಂಬಿಕೆಯಿಂದಲೇ ಹೊರಟ. ತಂಗಿ, “ಎಲ್ಲರಿಗೂ ನಾಳೆ ಸಿಗ್ತೀವಿ” ಎಂದಳು. ಲಂಗರಿನ ಸರಪಳಿ ಎಳೆಯುವ ಸದ್ದು ಮೈಕಿನಲ್ಲಿ ಕೇಳಿಸಿತು. ಆಮೇಲೆ ಬರೀ ಗೊರಗೊರ.

ಅವರ ಸೆಟ್ ಕೆಟ್ಟಿರಬೇಕು. ಅಥವಾ ನನ್ನ ಆಂಟೆನಾದ ವೈರ್ ಹರಿದಿರಬೇಕು. ನಾನು ಹೇಳಿದ್ದಂತೂ ಹೇಳಿದೆ. ದೇವರೇ, ಅವರನ್ನು ಕಾಪಾಡು.


ಸೆಪ್ಟೆಂಬರ್ ೧೦

ಏನೂ ಇಲ್ಲ. ಇಡೀ ದಿನ ಸೆಟ್ಟಿನ ಮುಂದೆಯೇ ಕೂತಿದ್ದೆ. ಕಿಟಕಿ ಬಾಗಿಲುಗಳೆಲ್ಲ ಗಾಳಿಗೆ ಬಡಿದುಕೊಳ್ಳುತ್ತಿವೆ.


ಸೆಪ್ಟೆಂಬರ್ ೧೨

ತಂಗಿ ಸಿಕ್ಕಿದಳು. ಸರಕಿನ ಹಡಗಿನವರು ತೇಲುತ್ತಿದ್ದವಳನ್ನು ಎತ್ತಿಕೊಂಡಿದ್ದಾರೆ. ಕ್ಯಾಪ್ಟನ್ ಸಿಗಲಿಲ್ಲ. ಇನ್ನು ಸಿಗುವುದಿಲ್ಲ ಎಂದು ಬಂದರಿನವರೇ ಹೇಳಿದರಂತೆ.

ನನಗೆ ಅಳು ಬಂತು. ಮುಖ ನೋಡದವನಿಗಾಗಿ ಇಷ್ಟು ಅಳಬಹುದೆಂದು ಗೊತ್ತಿರಲಿಲ್ಲ. ಅವನ ನಗು ಕಿವಿಯಲ್ಲೇ ಇದೆ. ನಾನು ಮಲಗಿಬಿಟ್ಟಿರಬೇಕು ಎಂದುಕೊಂಡೇ ಸತ್ತನಲ್ಲ, ಅದನ್ನೇ ಸಹಿಸಲಾಗುತ್ತಿಲ್ಲ.

ಕ್ಲಬ್ಬಿನವರು ಇಬ್ಬರು ಬಂದಿದ್ದರು. ಮರ್ಯಾದೆಯಿಂದಲೇ ಮಾತಾಡಿದರು, ಅದೇ ಚುಚ್ಚಿತು. ಆ ಸಂಜೆ ನನ್ನ ದನಿ ಯಾರಿಗೂ ಕೇಳಿಲ್ಲವಂತೆ. ಬಹುಶಃ ಸ್ಪ್ಲಿಟ್ ಇದ್ದಿರಬೇಕಂತೆ. “ಕೆಂಪು ಮಿಟುಕಲಿಲ್ಲ, ನಾನು ನೋಡಿದೀನಿ” ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಸ್ವಲ್ಪ ದಿನ ನೆಟ್ಟನ್ನ ನಾವು ನೋಡ್ಕೋತೀವಿ, ನೀವು ವಿಶ್ರಾಂತಿ ತಗೊಳ್ಳಿ” ಎಂದರು. ನನ್ನನ್ನು ಕುರ್ಚಿಯಿಂದ ಇಳಿಸಲು ಎಷ್ಟು ದಿನದಿಂದ ಕಾಯುತ್ತಿದ್ದರೋ.

ನಾನು ಹೇಳಿದೆ. ಮೂರು ಸಲ ಹೇಳಿದೆ. ಯಾರಿಗಾದರೂ ಒಬ್ಬರಿಗೆ ಕೇಳಿಸಿರಲೇಬೇಕು.


ಸೆಪ್ಟೆಂಬರ್ ೧೫

ಸತ್ಯ ಹೊರಗೆ ಬಂತು. ಬೆಸುಗೆಯ ಕೆಲಸವೇ ಕಳಪೆ. ಸಂತೋಷಪಡುವ ಹಾಗಿಲ್ಲ, ಆದರೂ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ನಾನೇ ಹೇಳಿ ಕಳುಹಿಸಿದ್ದೆ. ಬಂದವನು ಸೆಟ್ ಹಾಕಿದ, ಸ್ಪ್ಲಿಟ್ ಒತ್ತಿದ.

“ನೋಡಿದ್ಯಾ? ನಿನ್ನ ಪೆಟ್ಟಿಗೆ ಉರೀತಾನೇ ಇಲ್ಲ” ಎಂದೆ.

“ಉರೀತಾ ಇದೆಯಲ್ಲ ಯಜಮಾನ್ರೇ.”

“ಎಲ್ಲಿ?”

“ಇಲ್ಲೇ. ನಿಮ್ಮ ಮೊಣಕೈ ಪಕ್ಕದಲ್ಲೇ. ಮಿಟುಕ್ತಾ ಇದೆ.”

ತಮಾಷೆ ಮಾಡುವ ಹೊತ್ತಲ್ಲ ಇದು ಎಂದು ಬೈದೆ. ಅವನು ನನ್ನ ಹಿಂದಿನಿಂದ ಬಂದು, ಟೀ ಲೋಟ ಎತ್ತಿಟ್ಟು, ಪೆಟ್ಟಿಗೆಯನ್ನು ತಂದು ಸೆಟ್ಟಿನ ಬಲಗಡೆ ಇಟ್ಟ. ಕೆಂಪು ಅಂಕಿಗಳು ಕಣ್ಣಿಗೆ ರಾಚಿದವು, ಮಿಟ ಮಿಟ ಮಿಟ. “ನೋಡು! ಈಗ ಹತ್ತಿತು!” ಎಂದು ಕೂಗಿದೆ.

ಅವನು ಪೆಟ್ಟಿಗೆಯನ್ನು ಮತ್ತೆ ತೆಗೆದುಕೊಂಡು ಹೋದ. “ಈಗ?”

“ಆರಿಹೋಯ್ತು.”

“ಈಗ?”

“ಹತ್ತಿತು.”

“ಈಗ ಯಜಮಾನ್ರೇ?”

“ಆರಿಹೋಯ್ತು ಮಾರಾಯ. ಆ ಕಡೆ ಹೋದಾಗೆಲ್ಲ ಆರಿಹೋಗುತ್ತೆ. ವೈರ್ ಸಡಿಲ ಇದೆ, ಎಳೆತಕ್ಕೆ ಬಿಟ್ಕೊಳ್ತಿದೆ. ನಿನ್ನ ಬೆಸುಗೆಯಿಂದ ಒಬ್ಬ ಮನುಷ್ಯನ ಪ್ರಾಣ ಹೋಯ್ತಲ್ಲೋ!”

ಅವನು ನನ್ನ ಬಲಗಡೆ ಬಂದು ಮಂಡಿಯೂರಿ ಕೂತ. ಮುಖ ಬಿಳಿಚಿಕೊಂಡಿತ್ತು. “ವೈರ್ ಸರಿಯಿದೆ ಯಜಮಾನ್ರೇ. ನಾನು ಅದನ್ನ ಆ ಕಡೆ ಇಡಬಾರದಿತ್ತು” ಎಂದಷ್ಟೇ ಹೇಳಿ ಎದ್ದು ಮುಂದಿನ ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಇಬ್ಬರೂ ಪಿಸುಪಿಸು ಮಾತಾಡಿದರು. ತಪ್ಪು ಮಾಡಿದವನು ಹೆಂಗಸರ ಹತ್ತಿರ ಹೋಗಿ ಅಳುವುದು ನನಗೆ ಸೇರುವುದಿಲ್ಲ. ಆದರೂ ಪಾಪ ಎನಿಸಿತು. ಕ್ಲಬ್ಬಿನವರಿಗೆ ಅವನ ಹೆಸರು ಹೇಳುವುದಿಲ್ಲ. ಕಂಪನಿಯ ಮೇಲೇ ಹಾಕುತ್ತೇನೆ. ಕಳುಹಿಸುವ ಅಂಕಿಯನ್ನು ಬಲಗಡೆ ಇಡಿ, ಅಷ್ಟು ಸಾಕು, ಎಂದು ಅವರಿಗೆ ಹೇಳಬೇಕು. ಎಷ್ಟು ಸ್ಪಷ್ಟವಾಗಿ ಕಾಣುತ್ತದೆ! ಇಷ್ಟು ಸಣ್ಣ ವಿಷಯ ಒಬ್ಬ ಇಂಜಿನಿಯರನಿಗೂ ಹೊಳೆಯಲಿಲ್ಲವಲ್ಲ.


ಸೆಪ್ಟೆಂಬರ್ ೧೮

ಆಸ್ಪತ್ರೆ. ಇವಳು ಮತ್ತು ಬೆಸುಗೆ ಸೇರಿ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಬಂದುಬಿಟ್ಟರು. ಅಂಗಿಯ ಒಂದು ತೋಳು ಹಾಕಿಕೊಂಡಿದ್ದೆ, ಇನ್ನೊಂದು ನೇತಾಡುತ್ತಿತ್ತಂತೆ. ಅವಸರ ಮಾಡಿದರೆ ಹಾಗಾಗದೆ ಇನ್ನೇನು?

ತಲೆಯ ಚಿತ್ರ ತೆಗೆದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಬುದ್ಧಿವಂತೆ, ಆದರೆ ರೇಡಿಯೋ ಬಗ್ಗೆ ಏನೂ ಗೊತ್ತಿಲ್ಲ. ನಿಮ್ಮ ಸೆಟ್ ಹೇಗಿರುತ್ತೆ, ಬರೆದು ತೋರಿಸಿ ಎಂದು ಕಾಗದ ಕೊಟ್ಟಳು. ಬರೆದೆ. ಗುಂಡಿಗಳು, ದೊಡ್ಡ ತಿರುಗಣೆ, ಕಿಟಕಿ, ಅದರೊಳಗೆ ಅಂಕಿಗಳು.

“ಎರಡು ಕಿಟಕಿ ಅಂದಿದ್ರಿ?” ಎಂದಳು.

“ಬರ್ದಿದ್ದೀನಲ್ಲ” ಎಂದೆ.

ಅವಳು ಕಾಗದವನ್ನು ಇವಳಿಗೆ ತೋರಿಸಿದಳು. ಇವಳು ನೋಡಲಿಲ್ಲ.

ಮೆದುಳಿನ ಬಲಭಾಗದಲ್ಲಿ ಗಡ್ಡೆ ಇದೆಯಂತೆ. ಅದು ದೊಡ್ಡದಾಗುತ್ತ ಎಡಗಡೆಯ ಪ್ರಪಂಚವನ್ನು ಒಂದಿಷ್ಟೊಂದಿಷ್ಟೇ ಅಳಿಸುತ್ತಿದೆಯಂತೆ. “ನಿಮ್ಮ ಕಣ್ಣು ಸರಿಯಿದೆ. ಆದರೆ ಎಡಗಡೆ ಅಂತ ಒಂದು ಇದೆ ಅನ್ನೋದೇ ನಿಮಗೆ ಹೊಳೆಯೋದಿಲ್ಲ” ಎಂದಳು. ಒಳ್ಳೆಯ ಕಥೆ. ಕಾಣದೇ ಇದ್ದರೆ ಕಾಣುತ್ತಿಲ್ಲ ಎಂದು ನನಗೆ ಗೊತ್ತಾಗುವುದಿಲ್ಲವೇ? ಕತ್ತಲೆ ಕಾಣಬೇಕಲ್ಲ? ನನಗೆ ಎಲ್ಲೂ ಕತ್ತಲೆ ಇಲ್ಲ. ಎಲ್ಲ ಇದ್ದ ಹಾಗೇ ಇದೆ, ತುಂಬಿಕೊಂಡಿದೆ.

ಇವಳನ್ನು ಕೇಳಿದೆ, ನೀನಾದರೂ ನಂಬ್ತೀಯಾ ಇದನ್ನ ಎಂದು. “ಆಪರೇಷನ್ ಮಾಡಿಸ್ಕೊಳ್ಳಿ, ಆಮೇಲೆ ಜಗಳ ಆಡೋಣ” ಎಂದಳು. ನಲವತ್ತು ವರ್ಷದಲ್ಲಿ ಇವಳು ಜಗಳ ಮುಂದೂಡಿದ್ದು ಇದೇ ಮೊದಲು. ಹೆದರಿಕೆಯಾಯಿತು.


ಸೆಪ್ಟೆಂಬರ್ ೨೧

ಬರೆಯುವುದನ್ನು ಹಾಳೆಯ ಮಧ್ಯದಿಂದ ಯಾಕೆ ಶುರು ಮಾಡುತ್ತೀರಿ ಎಂದು ನರ್ಸ್ ಕೇಳುತ್ತಾಳೆ. ನನ್ನ ಹಾಳೆ, ನನ್ನ ಇಷ್ಟ.


ಸೆಪ್ಟೆಂಬರ್ ೨೩

ಬೆಸುಗೆ ದಿನಾ ಬರುತ್ತಾನೆ. ಬಂದು ನನಗೆ ಕಾಣುವ ಕಡೆಯೇ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಇವತ್ತು ನಾನೇ ಹೇಳಿದೆ, “ಆಗಿದ್ದಾಯ್ತು ಬಿಡೋ, ಸಡಿಲ ವೈರ್ ಯಾರಿಗೂ ಆಗುತ್ತೆ.” ಅವನು ತಲೆ ತಗ್ಗಿಸಿದ. “ಹೌದು ಯಜಮಾನ್ರೇ, ನಂದೇ ತಪ್ಪು” ಎಂದ. ಒಪ್ಪಿಕೊಂಡನಲ್ಲ, ದೊಡ್ಡ ಮನಸ್ಸು.


ಸೆಪ್ಟೆಂಬರ್ ೨೪

ಇವತ್ತಿನದನ್ನು ಪೂರ್ತಿ ಬರೆದಿಡಬೇಕು. ನಾಳೆ ಆಪರೇಷನ್.

ಸಂಜೆ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಇವಳು ಬಾಗಿಲ ಹತ್ತಿರ ಹೋಗಿ ಯಾರ ಜೊತೆಯೋ ಮಾತಾಡಿ ಬಂದು, “ರೀ, ದೋಣಿಯ ತಂಗಿ ಬಂದಿದ್ದಾರೆ” ಎಂದಳು. ನಾನು ಎದ್ದು ಒರಗಿ ಕೂತೆ. ಇವಳು ಇದ್ದಳು, ಬೆಸುಗೆ ಇದ್ದ, ಕಿಟಕಿ ಇತ್ತು, ಔಷಧಿಯ ಬಾಟಲಿ ತೂಗುಹಾಕಿದ ಕಂಬ ಇತ್ತು. ಬೇರೆ ಯಾರೂ ಇರಲಿಲ್ಲ.

“ಎಲ್ಲಿ?” ಎಂದೆ.

ಆಗ ದನಿ ಬಂತು. “ಅಣ್ಣಾ.”

ಅವಳೇ. ನನ್ನ ಕಿವಿ ತಪ್ಪುವುದಿಲ್ಲ. ಒಂದು ಚೂರು ಗೊರಗೊರ ಇಲ್ಲ, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ. ಬೆಸುಗೆ ಎಲ್ಲೋ ಒಂದು ಸೆಟ್ ತಂದಿಟ್ಟಿದ್ದಾನೆ ಎಂದು ತಿಳಿಯಿತು. ಎಂಥ ಒಳ್ಳೆಯ ಹುಡುಗ. ನಾನು ಗಂಟಲು ಸರಿಮಾಡಿಕೊಂಡೆ.

“ನಿನ್ನ ದನಿ ತುಂಬಾ ಚೆನ್ನಾಗಿ ಕೇಳಿಸ್ತಿದೆ ತಂಗಿ. ನಂದು ಕೇಳಿಸ್ತಾ ಇದೆಯಾ? ಓವರ್.”

ಬೆಸುಗೆ ಗೋಡೆಯ ಕಡೆ ತಿರುಗಿಕೊಂಡ. ಇವಳು ಏನೋ ಸನ್ನೆ ಮಾಡಿದಳು, ಯಾರಿಗೆಂದು ಗೊತ್ತಾಗಲಿಲ್ಲ.

“ಕೇಳಿಸ್ತಿದೆ ಅಣ್ಣ” ಎಂದಳು ತಂಗಿ. ತಡೆದು, “ಓವರ್” ಎಂದಳು.

ಕ್ಯಾಪ್ಟನ್ ಬಗ್ಗೆ ಹೇಳಿದೆ. ನನಗೆ ತಮ್ಮನೇ ಹೋದ ಹಾಗಾಗಿದೆ, ಏನು ಹೇಳಿ ಸಮಾಧಾನ ಮಾಡಲಿ ಎಂದೆ. ಅವಳು ಅತ್ತಳು. ಅಳು ಸಹ ಅಷ್ಟು ಹತ್ತಿರದಿಂದ ಬಂತು. ಆಮೇಲೆ, “ನಿಮ್ಮ ಹತ್ರ ಒಂದು ಮಾತು ಕೇಳ್ಬೇಕು ಅಂತ ಬಂದೆ ಅಣ್ಣ. ಅವತ್ತು ಸಂಜೆ ನಾವು ಅಷ್ಟು ಹೊತ್ತು ಕಾದ್ವಿ. ನೀವು ಯಾಕೆ...” ಎಂದು ನಿಲ್ಲಿಸಿದಳು. ದನಿಯಲ್ಲಿ ಸಿಟ್ಟಿತ್ತು. ನನಗೆ ಅದು ಗೊತ್ತಾಯಿತು. ಯಾರು ಏನೇನು ಹೇಳಿ ಅವಳ ಕಿವಿ ತುಂಬಿದ್ದಾರೋ ಎನಿಸಿತು.

“ಸ್ವಲ್ಪ ನಿಲ್ಲು. ಮೊದಲು ನಾನು ಕೇಳ್ತೀನಿ, ನೀನು ಹೇಳು” ಎಂದೆ. “ನಾನು ಅವತ್ತು ಅಲ್ಲೇ ಇದ್ದೆ. ವರದಿಯನ್ನ ಮೂರು ಸಲ ಹೇಳಿದೀನಿ. ಹೊರಡಬೇಡಿ ಅಂತ ಕೂಗಿ ಕೂಗಿ ಗಂಟಲು ಕಟ್ಟಿಹೋಯ್ತು. ಕ್ಯಾಪ್ಟನ್ ನಿನ್ನ ಕಾಲಿಗೆ ಬೀಳ್ತೀನಿ ಅಂದೆ. ಕ್ಲಬ್ಬಿನವರು ಯಾರಿಗೂ ಕೇಳ್ಲಿಲ್ಲ ಅಂತಾರೆ. ಈ ಡಾಕ್ಟರು ನನ್ನ ತಲೆಯೇ ಸರಿಯಿಲ್ಲ ಅಂತಾಳೆ. ಬೇರೆ ಯಾರ ಮಾತೂ ನನಗೆ ಬೇಡ, ನೀನು ಹೇಳು. ನಿನಗೆ ಅವತ್ತು ಕೇಳಿಸ್ತೋ, ಇಲ್ವೋ? ಓವರ್.”

ಸಂಪರ್ಕ ಹೋಯಿತೇನೋ ಎಂದುಕೊಂಡೆ. ಇವಳ ಕಣ್ಣು ನನ್ನ ಮೇಲೆ ಇರಲಿಲ್ಲ, ಹಾಸಿಗೆಯ ಆಚೆ ಎಲ್ಲೋ ಇತ್ತು. ಬೇಡುವವಳ ಹಾಗೆ ನೋಡುತ್ತಿದ್ದಳು.

“ಕೇಳಿಸ್ತು ಅಣ್ಣ” ಎಂದಳು ತಂಗಿ.

ಹೋದ ಜೀವ ಮರಳಿ ಬಂದ ಹಾಗಾಯಿತು. “ಕೇಳಿಸ್ತಾ? ಮೂರು ಸಲವೂ?”

“ಮೂರು ಸಲವೂ ಕೇಳಿಸ್ತು. ನಾವೇ... ನಾವೇ ನಿಮ್ಮ ಮಾತು ಮೀರಿ ಹೊರಟ್ವಿ.”

ಸಂತೋಷ, ದುಃಖ, ಸಿಟ್ಟು, ಎಲ್ಲ ಒಟ್ಟಿಗೆ ಬಂತು. ಇಷ್ಟು ದಿನ ನಾನು ಪಟ್ಟ ಪಾಡೇನು! ಒಂದು ಮಾತು ಮೊದಲೇ ಹೇಳಬಾರದಿತ್ತೇ? ಸ್ವಲ್ಪ ಗಡುಸಾಗಿಯೇ ಅಂದುಬಿಟ್ಟೆ. “ಅಷ್ಟು ಹೇಳಿದ್ರೂ ಯಾಕಮ್ಮ ಹೊರಟ್ರಿ? ಅವನಿಗೆ ಹುಚ್ಚು ಧೈರ್ಯ, ಸರಿ. ನೀನಾದ್ರೂ ತಡೀಬಾರದಿತ್ತಾ? ನಿನ್ನ ಕೈಯಲ್ಲಿತ್ತಲ್ಲ ಅವನ ಪ್ರಾಣ.”

“ತಪ್ಪಾಯ್ತು ಅಣ್ಣ” ಎಂದಳು. ದನಿ ಪೂರ್ತಿ ಇಳಿದುಹೋಗಿತ್ತು.

ಹಾಗೆ ಅಂದಿದ್ದಕ್ಕೆ ನನಗೇ ಬೇಜಾರಾಯಿತು. ಹೋಗಲಿ ಬಿಡು, ಅಳಬೇಡ, ನಿನ್ನ ಮೇಲೆ ನನಗೆ ಕೋಪ ಇಲ್ಲ ಎಂದೆ. ನಾನೇ ವಿದಾಯ ಹೇಳಿ ಮುಗಿಸಿದೆ. ಬೆಸುಗೆಗೆ, ಎಲ್ಲ ಕೇಳಿಸಿಕೊಂಡೆಯಲ್ಲ, ಕ್ಲಬ್ಬಿನವರಿಗೆ ಇದ್ದದ್ದು ಇದ್ದ ಹಾಗೆ ಹೇಳು ಎಂದೆ. ಅವನು ತಲೆ ಆಡಿಸಿದ. ಇವಳು ಮುಖ ಮುಚ್ಚಿಕೊಂಡು ಕೂತಿದ್ದಳು. ಗಂಡನ ಮೇಲಿನ ಅಪವಾದ ಕಳೆಯಿತೆಂದು ನಗುವುದು ಬಿಟ್ಟು ಅಳುತ್ತಾಳೆ, ಇವಳೇ ಹಾಗೆ.

ದೀಪ ಹಾಕಿದ ಮೇಲೆ ಇವಳು ಹೇಳಿದಳು, ತಂಗಿ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳಂತೆ, ಹೋಗುವ ತನಕ ಬಿಡಲೇ ಇಲ್ಲವಂತೆ. ಇವಳಿಗೂ ವಯಸ್ಸಾಯಿತು. ನನ್ನ ಕೈ ಹೊದಿಕೆಯ ಮೇಲೆ ನನ್ನ ಕಣ್ಣೆದುರೇ ಇತ್ತು. ಅದನ್ನು ಯಾರೂ ಹಿಡಿದಿರಲಿಲ್ಲ.